ಎಡ ಅಂಗೈ

ಹೆಣ್ಣು ನೋಡಲು ಬಂದ ಗಂಡನ್ನು ಹುಡುಗಿ ತಲೆ ಎತ್ತಿ ನೋಡಬಾರದು ಎಂದು ಯಾರು ಹೇಳಿದರೋ ಗೊತ್ತಿಲ್ಲ. ನಾನಂತೂ ಕಣ್ತುಂಬ ನೋಡಿದೆ. ನೋಡಿ ಬೇಡ ಎಂದೆ.

೧೯೮೩ರ ಕಾರಹುಣ್ಣಿಮೆಯ ಮರುದಿನ ಅದು. ನಾನು ಸುಂದರಬಾಯಿ, ಚೌಡಾಪುರದ ಶಾಲೆಯಲ್ಲಿ ಟೀಚರ್. ಬಂದವರು ಕಲ್ಯಾಣಪ್ಪ, ಜಿಡಗಾದ ಕಡೆಯವರು. ನಮ್ಮೂರಲ್ಲಿ ಹಿಟ್ಟಿನ ಗಿರಣಿ ಹಾಕಿ ಆರು ತಿಂಗಳಾಗಿತ್ತು. ಊಟಕ್ಕೆ ಮುಂಚೆ ಅವ್ವ ಮಣೆ ಹಾಕಿ, ತಂಬಿಗೆ ನೀರು, ವಿಭೂತಿ ತಂದಿಟ್ಟಳು. ಅವರು ಕೊರಳಿನ ವಸ್ತ್ರದಿಂದ ಇಷ್ಟಲಿಂಗ ತೆಗೆದು, ಎಡ ಅಂಗೈಯಲ್ಲಿಟ್ಟುಕೊಂಡು, ರೆಪ್ಪೆ ಮಿಟುಕಿಸದೆ ನೋಡುತ್ತ ಕೂತರು. ಬಾಗಿಲ ಸಂದಿಯಲ್ಲಿ ನಿಂತಿದ್ದ ನನಗೆ ಎದೆ ತುಂಬಿ ಬಂತು. ಅಷ್ಟು ಸಮಾಧಾನದ ಮುಖವನ್ನು ನಾನು ಅಲ್ಲಿಯವರೆಗೆ ಕಂಡಿರಲಿಲ್ಲ.

ಊಟವಾಯಿತು. ಅದೇ ಮನುಷ್ಯ ಚಂಚಿ ಬಿಚ್ಚಿ, ಅದೇ ಅಂಗೈಯಲ್ಲಿ ತಂಬಾಕು ಹಾಕಿಕೊಂಡು, ಸುಣ್ಣ ಸವರಿ, ಹೆಬ್ಬೆರಳಿನಿಂದ ಗಸಗಸ ತಿಕ್ಕತೊಡಗಿದರು. ನಾನು ಸಂದಿ ಬಿಟ್ಟು ಹಿತ್ತಲಿಗೆ ಹೋದೆ.

ನನ್ನ ಅಪ್ಪ ಬಸವಂತರಾಯರೂ ಹೀಗೆಯೇ. ತಂಬಾಕು ಬಿಟ್ಟೆ ಎಂದು ಲಿಂಗ ಮುಟ್ಟಿ ಆಣೆ ಮಾಡುತ್ತಿದ್ದರು, ವಾರದೊಳಗೆ ದನದ ಕೊಟ್ಟಿಗೆಯಲ್ಲಿ ಕದ್ದು ತಿನ್ನುತ್ತಿದ್ದರು. ಕೇಳಿದರೆ ನಮ್ಮ ಮೇಲೆಯೇ ರೇಗುತ್ತಿದ್ದರು. ಕೊನೆಗೆ ಬಾಯಿಯ ಹುಣ್ಣು ಅವರನ್ನು ಒಯ್ದಿತು. ಅವ್ವನ ಬಳೆ ಒಡೆದ ದಿನವೇ ನಾನು ತೀರ್ಮಾನ ಮಾಡಿದ್ದೆ, ಅಂಥ ಮನೆಗೆ ಸೊಸೆಯಾಗಿ ಹೋಗುವುದಿಲ್ಲ ಎಂದು.

ಆದರೆ ಊರಿಗೆ ಇದ್ದದ್ದು ಒಂದೇ ಗಿರಣಿ. ನಾನೇ ಬೇಡ ಎಂದಿದ್ದವರ ಮುಂದೆಯೇ ಜೋಳದ ಬುಟ್ಟಿ ಇಟ್ಟುಕೊಂಡು ನಿಲ್ಲಬೇಕಾಯಿತು. ಮೊದಲ ಭಾನುವಾರ ಅವರು ಮಶೀನು ನಿಲ್ಲಿಸಿ, ಕಾರಣ ಕೇಳಬಹುದೇ ಎಂದರು. ಹುಬ್ಬಿನ ಮೇಲೆಲ್ಲ ಹಿಟ್ಟು ಕೂತಿತ್ತು. ನಗು ನುಂಗಿಕೊಂಡೆ.

"ಲಿಂಗ ಇಡೋ ಅಂಗೈದಾಗ ತಂಬಾಕ ತಿಕ್ಕವರು ನನಗ ಬ್ಯಾಡ್ರಿ."

ಅವರು ತಮ್ಮ ಅಂಗೈಯನ್ನೇ ಬಹಳ ಹೊತ್ತು ನೋಡಿದರು. ದಿನಾ ನೋಡುವ ಕೈ, ಇಷ್ಟು ವರ್ಷ ಇದು ಹೊಳೆಯಲೇ ಇಲ್ಲವಲ್ಲ ಎಂದರು. ಬಿಡುತ್ತೇನೆಂದು ಆಣೆ ಮಾಡಲೇ ಎಂದು ಕೇಳಿದರು. ಆಣೆ ಮಾಡುವವರನ್ನು ಸಾಕಷ್ಟು ಕಂಡಿದ್ದೇನೆ, ಅದು ಆಗಂಗಿಲ್ಲ ಎಂದು ಬುಟ್ಟಿ ಎತ್ತಿಕೊಂಡು ಬಂದೆ.

ಮುಂದಿನ ಭಾನುವಾರ ಅವರೇ ವರದಿ ಒಪ್ಪಿಸಿದರು. ಆಣೆ ಗೀಣೆ ಇಲ್ಲ. ಮಧ್ಯಾಹ್ನದವರೆಗೆ ಮಾತ್ರ ತಂಬಾಕು ಮುಟ್ಟುವುದಿಲ್ಲ, ಅಷ್ಟೇ. ಮುಂಜಾನೆ ಲಿಂಗ ನೋಡುತ್ತ ಕೂರುವುದು ಮೊದಲು ಐದು ಉಸಿರಿಗೆ ಮುಗಿಯುತ್ತಿತ್ತು, ಈಗ ಹತ್ತಾಗಿದೆ. ನಡುವೆ ಚಪಲ ಹತ್ತಿದರೆ ಬಾಯಿಗೆ ನಾಲ್ಕು ಕಾಳು ಬಡೇಸೋಪು. ಇದೆಲ್ಲ ಆಗಂಗಿಲ್ಲ ಎಂದೆ. ಅವರು ಕಣ್ಣಂಚಿನಲ್ಲಿ ನನ್ನನ್ನು ನೋಡಿ ನಕ್ಕರು.

"ನಂದು ತಂಬಾಕಿನ ಚಟ. ನಿಮ್ಮದು 'ಆಗಂಗಿಲ್ಲ' ಅನ್ನೋ ಚಟ. ಯಾವುದು ದೊಡ್ಡದು, ನೀವ ನೋಡ್ರಿ."

ಮೈಯೆಲ್ಲ ಉರಿಯಿತು. ಮರುದಿನ ಹಟಕ್ಕೆ ಬಿದ್ದು ಎಣಿಸಿದೆ. ಮಕ್ಕಳಿಗೆ, ಅವ್ವನಿಗೆ, ಬಾರದ ಬಸ್ಸಿಗೆ, ಮೋಡಕ್ಕೆ, ಎಲ್ಲಕ್ಕೂ ಸೇರಿ ಹತ್ತೊಂಬತ್ತು ಸಲ ಹಾಗಂದಿದ್ದೆ. ಅಪ್ಪ ಹೋದಂದಿನಿಂದ ನಾನು ಯಾವುದನ್ನೂ ನಂಬಿರಲಿಲ್ಲ. ನನ್ನ ಪೂಜೆಯೂ ಒಂದು ಕಣ್ಣು ಲಿಂಗದ ಮೇಲೆ, ಇನ್ನೊಂದು ಒಲೆಯ ಮೇಲಿನ ಹಾಲಿನ ಮೇಲೆ. ಹಾಲು ಕೆಳಗಿಟ್ಟು ಕೂರುವುದನ್ನು ಕಲಿತೆ. ಕಷ್ಟವೇ ಆಯಿತು. ದಿನಕ್ಕೊಂದು 'ಆಗಂಗಿಲ್ಲ' ಕಡಿಮೆ ಮಾಡಿದರೆ ಸಾಕು ಎಂದುಕೊಂಡೆ.

ಮಧ್ಯಾಹ್ನ ಇದ್ದದ್ದು ಸಂಜೆಯಾಯಿತು, ಸಂಜೆ ಇದ್ದದ್ದು ಇಡೀ ದಿನವಾಯಿತು. ನನಗೂ ವಾರ ಪೂರ್ತಿ ಭಾನುವಾರದ್ದೇ ಧ್ಯಾನ. ಗಿರಣಿಗೆ ಬಂದಿದ್ದ ಪಕ್ಕದ ಮನೆಯ ಮದೀನಾಬಿ ನನ್ನ ಬುಟ್ಟಿ ನೋಡಿ ಸೊಂಟಕ್ಕೆ ತಿವಿದಳು.

"ಮನ್ಯಾಗ ಇರೋರು ಇಬ್ಬರು, ಹತ್ತು ಮಂದೀ ಹಿಟ್ಟು ಬೀಸಸ್ತಿ ಅಲ್ಲ ಬೇ."

ಅವರು ತಲೆ ತಗ್ಗಿಸಿ ಬೆಲ್ಟಿನ ಕಡೆ ತಿರುಗಿದರು. ಕಿವಿ ಕೆಂಪಾಗಿದ್ದು ಹಿಟ್ಟಿನ ನಡುವೆಯೂ ಕಂಡಿತು.

ಅಷ್ಟರಲ್ಲಿ ಅಫಜಲಪುರದಿಂದ ಇನ್ನೊಂದು ಸಂಬಂಧ ಬಂತು, ಸುದ್ದಿ ಗಿರಣಿಯವರೆಗೂ ಹೋಯಿತು. ಶ್ರಾವಣ ಮುಗಿಯುವುದರೊಳಗೆ ಹೂಂ ಅಥವಾ ಊಹೂಂ ಹೇಳಬೇಕೆಂದು ಅವ್ವ ಪಟ್ಟು ಹಿಡಿದಳು. ನನ್ನ ಮನಸ್ಸು ಎಲ್ಲಿತ್ತೆಂದು ನನಗೆ ಗೊತ್ತಿತ್ತು. ಭಯವೊಂದೇ ಅಡ್ಡ ನಿಂತಿತ್ತು. ನನ್ನ ಸಲುವಾಗಿ ಬಿಟ್ಟವರು ಮದುವೆಯಾದ ಮೇಲೆ ಕೊಟ್ಟಿಗೆ ಹುಡುಕಿದರೆ?

ಶ್ರಾವಣದ ಕೊನೆಯ ಶನಿವಾರ. ಶಾಲೆ ಮುಗಿಸಿ ಬಂದು ಅಂಗಳದಲ್ಲಿ ಜೋಳ ಹಸನು ಮಾಡುತ್ತಿದ್ದೆ. ಕಲ್ಯಾಣಪ್ಪನವರು ಬಂದು ಕಟ್ಟೆಯ ಕೆಳಗೇ ನಿಂತರು. ಮುಖ ಬಾಡಿತ್ತು.

"ಹದಿನೆಂಟು ದಿನ ಮುಟ್ಟಿರಲಿಲ್ರಿ. ಇವತ್ತ ಬೆಲ್ಟ್ ಹರೀತು, ಮಂದಿ ಒದರಾಕತ್ತಿದ್ರು. ಗೋಡಿ ಹಿಂದ ಹೋಗಿ ತಂಬಾಕ ಹಾಕ್ಕೊಂಡೇನಿ. ಯಾರೂ ನೋಡಿಲ್ಲ. ನಿಮಗ ಹೇಳಬೇಕನಿಸ್ತು, ಬಂದೇನಿ. ನೀವು ಅಫಜಲಪುರದವರಿಗೆ ಹೂಂ ಅನ್ರಿ."

ನನಗೆ ಗೊತ್ತೇ ಇತ್ತು ಎಂಬ ಮಾತು ನಾಲಿಗೆಯ ತುದಿಗೆ ಬಂದು ನಿಂತಿತು. ಹೇಳಲಿಲ್ಲ. ಒಂದೊಂದಾಗಿ ಐದು ಉಸಿರು ಎಳೆದು ಬಿಟ್ಟೆ. ನಮ್ಮ ಮನೆಯಲ್ಲಿ ಇಪ್ಪತ್ತು ವರ್ಷ ತಂಬಾಕಿನ ವಾಸನೆ ಇತ್ತು. ತಿಂದೆ ಎಂದು ತಾನಾಗಿ ಬಂದು ಹೇಳಿದ ಗಂಡಸು ಒಬ್ಬನೂ ಇರಲಿಲ್ಲ.

"ನಾಳೆ ಮುಂಜಾನೆ ಮತ್ತ ಕೂಡ್ತೀರೇನ್ರಿ?" ಎಂದು ಕೇಳಿದೆ.

"ಕೂಡ್ತೇನ್ರಿ. ನಾಳೆ ಮತ್ತ ಒಂದನೇ ದಿನ." ಅಂಗೈಯನ್ನು ಧೋತರಕ್ಕೆ ಒರೆಸಿಕೊಂಡರು. "ನೀವು ಬ್ಯಾಡಂದ್ರೂ ಕೂಡ್ತೇನಿ. ಮೊದಲ ನಿಮ್ಮ ಸಲುವಾಗಿ ಕೂಡ್ತಿದ್ದೆ. ಈಗ ಕೂಡಲಿಲ್ಲಂದ್ರ ನನಗ ದಿನ ಹೋಗಂಗಿಲ್ಲ."

ನನ್ನ ಭಯಕ್ಕೆ ಬೇಕಿದ್ದ ಉತ್ತರ ಅದೇ ಆಗಿತ್ತು. ನನ್ನನ್ನು ಕಳೆದುಕೊಳ್ಳಲು ಸಿದ್ಧರಾಗಿ ಬಂದು ನಿಜ ಹೇಳಿದವರನ್ನು ಇನ್ನೇನು ಪರೀಕ್ಷೆ ಮಾಡುವುದು? ಜೋಳದ ಮೊರ ಪಕ್ಕಕ್ಕಿಟ್ಟು ಎದ್ದು ನಿಂತೆ.

"ಹಂಗಾದ್ರ ನನಗ ನೀವ ಬೇಕ್ರಿ."

ಅವರು ಬೇಗ ತಲೆ ಎತ್ತಿ ನನ್ನ ಮುಖ ನೋಡಿದರು. ಒಳಗೆ ರೊಟ್ಟಿ ಬಡಿಯುವ ಸಪ್ಪಳ ನಿಂತಿತು.

"ಬೀಗರನ್ನ ಹೊರಗ್ಯಾಕ ನಿಲ್ಲಿಸೀದಿ? ಒಳಗ ಕರಿ," ಎಂದಳು ಅವ್ವ.

ಬರ್ರಿ ಎಂದೆ. ಅವರು ಚಪ್ಪಲಿ ಬಿಡುವ ಮೊದಲೇ ನಾನು ಒಳಗೆ ಹೋದೆ, ಕಣ್ಣು ಒರೆಸಿಕೊಳ್ಳಬೇಕಾಗಿತ್ತು.