ಡೋಣಿ ಅಣಬೆಯ ಕೆಂಪು ಎಳೆ

ಬೆಟಗೇರಿಯ ಅಮೃತವ್ವನ ಮಗ್ಗದ ಮುಂದೆ ಫಕ್ಕೀರವ್ವ ಅಳುತ್ತ ನಿಂತಿದ್ದಳು. ಅವಳು ಗದಗಿನ ಕಾಲೇಜಿನಲ್ಲಿ ಕಸ ಗುಡಿಸುವವಳು. ಅದು ೧೯೫೭ರ ಜನವರಿ.

"ಯಕ್ಕಾ, ನಾ ತಂದುಕೊಟ್ಟ ಅಣಬಿ ನಾನ ಕದ್ದು ಪಲ್ಯಾ ಮಾಡಿ ತಿಂದೇನಂತ. ಇವತ್ತ ಸಂಜಿಗೆ ಕೆಲಸದಿಂದ ತಗೀತಾರಂತ."

ಅಮೃತವ್ವ ಲಾಳಿ ಕೆಳಗಿಟ್ಟಳು. ಊರಿನ ಕಳವು ಬಿಡಿಸುವುದು ಅವಳಿಗೆ ನೂಲಿನ ಸಿಕ್ಕು ಬಿಡಿಸಿದಷ್ಟೇ ಸಲೀಸು. ಅವಳ ನೂಲಿನ ಗಂಟು ಹೊರುವ ಯಮನೂರಪ್ಪನಾದ ನನಗೆ ಹೊರುವುದೊಂದೇ ಗೊತ್ತು.

ಕಾಲೇಜಿನ ಕೋಣೆಯ ತುಂಬ ಒಣಗಿದ ಅಣಬೆಗಳ ಕಾಗದದ ಪೊಟ್ಟಣಗಳಿದ್ದವು. ಅಣಬೆಗಳ ಅಭ್ಯಾಸ ಮಾಡುವ ಹೇಮಪ್ಪ ಮಾಸ್ತರರು ನಡೆದದ್ದನ್ನು ಹೇಳಿದರು. ಕಳೆದ ಶ್ರಾವಣದಲ್ಲಿ ಫಕ್ಕೀರವ್ವ ತವರೂರು ಡೋಣಿಯ ಗುಡ್ಡದಿಂದ ಒಂದು ಅಣಬೆ ತಂದಿದ್ದಳು. ಯಾವ ಪುಸ್ತಕದಲ್ಲೂ ಅಂಥದ್ದು ಇರಲಿಲ್ಲ. ಮೊದಲು ತಂದವರ ಹೆಸರನ್ನೇ ಅದಕ್ಕಿಡಬೇಕೆಂದು ಮಾಸ್ತರರ ಆಸೆ. ಈಗ ಆ ಪೊಟ್ಟಣವೇ ಮಾಯ. ಅವರ ಸಹಾಯಕ ಸಕ್ರಪ್ಪನೋ, ಅದೇ ಜಾತಿಯದನ್ನು ತಾನು ಜೂನಿನಲ್ಲೇ ತಂದು ಅಂದೇ ಚೀಟಿ ಬರೆದಿಟ್ಟಿದ್ದೆನೆಂದು ಬೇರೊಂದು ಪೊಟ್ಟಣ ಮುಂದಿಟ್ಟಿದ್ದ.

"ಅದರ ಚೀಟಿ ಓದೋ ಯಮನೂರಪ್ಪಾ," ಎಂದಳು ಅಮೃತವ್ವ.

ನಾನು ಓದಿದೆ: "ಡೋಣಿ, ಧಾರವಾಡ ಜಿಲ್ಲೆ, ಮೈಸೂರು ರಾಜ್ಯ. ಜೂನ್ ೧೯೫೬. ತಂದವರು ಸಕ್ರಪ್ಪ." ನನಗೇನೂ ತಪ್ಪು ಕಾಣಲಿಲ್ಲ.

ಅಮೃತವ್ವ ಆ ಪೊಟ್ಟಣದ ಅಣಬೆಯ ಕಾಂಡವನ್ನು ಬೆಳಕಿಗೆ ಹಿಡಿದು ಕೇಳಿದಳು: "ಫಕ್ಕೀರವ್ವಾ, ನೀ ಹೆಂಗ ಒಣಗಿಸಿದ್ದಿ?"

"ಮೆಣಸಿನಕಾಯಿ ಹಂಗ ರೀ. ಸೀರಿ ದಡಿ ಎಳಿ ಜಗ್ಗಿ, ಪೋಣಿಸಿ ಜಂತಿಗೆ ಕಟ್ಟಿದ್ದೆ."

"ನೀವ್ರಿ, ಸಕ್ರಪ್ಪನವರ?"

"ನಾವು ಕಲತವರು. ಕಾಗದದ ಮ್ಯಾಲೆ ಹರವತೀವಿ. ಸೂಜಿ ಮುಟ್ಟಸಂಗಿಲ್ಲ," ಎಂದು ಅವನು ನಕ್ಕ. ಅವನ ಕೈಯಲ್ಲಿ ಫಕ್ಕೀರವ್ವನನ್ನು ತೆಗೆದುಹಾಕುವ ಕಾಗದ ಸಹಿಗೆ ಕಾಯುತ್ತಿತ್ತು.

"ಎಲ್ಲಾರೂ ಕುಂಡ್ರಿ," ಎಂದಳು ಅಮೃತವ್ವ. "ಸೂಜಿ ಮುಟ್ಟದ ಅಣಬಿ ಕಾಂಡದಾಗ ತೂತ ಐತಿ. ತೂತಿನಾಗ ಕೆಂಪ ಎಳಿ ಸಿಕ್ಕೈತಿ. ಫಕ್ಕೀರವ್ವನ ದಡಿನೂ ಕೆಂಪ. ನಾ ನೇಯಾಕಿ, ಎಳಿ ಗುರ್ತ ನನಗ ತಪ್ಪಂಗಿಲ್ಲ."

"ಎಳಿ ಎಲ್ಲಿಂದರ ಬಂದಿರತೈತಿ," ಎಂದ ಸಕ್ರಪ್ಪ.

"ಆತು. ಚೀಟಿಗೆ ಬರೂಣು. ಯಮನೂರಪ್ಪಾ, ಹೋದ ಜೂನದಾಗ ಡೋಣಿ ಯಾವ ರಾಜ್ಯದಾಗ ಇತ್ತಲೇ?"

"ಮುಂಬಯಿ..." ಎಂದವನು ಅಲ್ಲೇ ನಿಂತೆ. ಮೈಸೂರು ರಾಜ್ಯಕ್ಕೆ ಸೇರಿದೆವೆಂದು ನವೆಂಬರ್ ಒಂದಕ್ಕೆ ಓಣಿಗೆಲ್ಲ ಸಕ್ಕರೆ ಹಂಚಿದವನು ನಾನೇ.

"ಐದು ತಿಂಗಳ ಮುಂದಿಂದು ಬರಿಯಾಕ ಇವರೇನು ಜೋಯಿಸರ? ಆಕಿ ಅಣಬಿ ತಗದು, ಹೊಸಾ ಚೀಟಿ ಬರದು, ಹಳೀದು ಮಾಯ ಮಾಡ್ಯಾರ. ಕಳುವು ಮುಚ್ಚಾಕ ಪಲ್ಯಾದ ಕತಿ ಕಟ್ಟ್ಯಾರ."

ಸಕ್ರಪ್ಪ ತಲೆ ತಗ್ಗಿಸಿದ. "ಕಸಾ ಹೊಡಿಯಾಕಿ ಹೆಸರು ಪುಸ್ತಕದಾಗ ಬರೋದು ನನಗ ತಡಕೊಳ್ಳಾಕ ಆಗಲಿಲ್ರಿ."

ಮಾಸ್ತರರು ಅವನ ಕೈಯ ಕಾಗದ ಹರಿದು, ಹೊಸ ಚೀಟಿ ಬರೆದು ಫಕ್ಕೀರವ್ವನ ಮುಂದಿಟ್ಟರು. ಓದು ಬಾರದ ಅವಳು ತನ್ನ ಹೆಸರಿನ ಮೇಲೆ ಬೆರಳಾಡಿಸಿದಳು.

"ನನ್ನ ಹೆಸರು ಇಷ್ಟ ಉದ್ದ ಐತೇನ್ರಿ?" ಎಂದು ಕೇಳಿದಳು.