ಎಂಬತ್ತು ಪರ್ಸೆಂಟಿನ ಮರ್ಯಾದೆ

"ಎಂಬತ್ತಾಯ್ತು ರೀ. ಪ್ಲಗ್ ತೆಗೀತೀರಾ?"

ಸಿಗ್ರಿಡ್‌ಗೆ ನಾನು ಆಡಿದ ಮೊದಲ ಮಾತು ಇದು. ಪ್ರೇಮಕ್ಕೆ ಪೀಠಿಕೆಯಾಗುವಂಥ ಮಾತಲ್ಲ, ಒಪ್ಪುತ್ತೇನೆ. ಆದರೆ ಅದು ಫೆಬ್ರವರಿಯ ಶುಕ್ರವಾರ, ಹೊರಗೆ ಮೈನಸ್ ಹದಿನೆಂಟು, ಬೆಟ್ಟದ ನೆತ್ತಿಯಲ್ಲಿದ್ದ ವಿದ್ಯುತ್ ಕಾರುಗಳ ಎರಡೂ ಚಾರ್ಜರ್ ಭರ್ತಿ, ನನ್ನ ಹಿಂದೆ ಇನ್ನೂ ಮೂರು ಕಾರು. ನಾರ್ವೆಯಲ್ಲಿ ದೇವರನ್ನು ನಂಬದವರು ಬೇಕಾದಷ್ಟಿದ್ದಾರೆ, ಎಂಬತ್ತು ಪರ್ಸೆಂಟನ್ನು ನಂಬದವರಿಲ್ಲ. ಅಲ್ಲಿಯವರೆಗೆ ಬ್ಯಾಟರಿ ಗಟಗಟ ಕುಡಿಯುತ್ತದೆ, ಆಮೇಲೆ ಗುಟುಕು ಗುಟುಕು. ಕ್ಯೂ ಇರುವಾಗ ಎಂಬತ್ತು ದಾಟಿಸುವುದೆಂದರೆ ಪಂಕ್ತಿಯಲ್ಲಿ ಕೂತು ಪಕ್ಕದವನ ಎಲೆಗೆ ಕೈ ಹಾಕಿದಂತೆ.

ಕಿಟಕಿ ಇಳಿಯಿತು. ಹುಬ್ಬಿನವರೆಗೆ ಎಳೆದ ಕೆಂಪು ಉಣ್ಣೆಯ ಟೋಪಿ, ಅದರ ಕೆಳಗೆ ನಿದ್ದೆ ಇನ್ನೂ ಬಿಟ್ಟಿರದ ಬೂದು ಕಣ್ಣು.

"ಅಯ್ಯೋ, ಕಣ್ಣು ಹತ್ತಿಬಿಡ್ತು," ಎಂದಳು. ಪರದೆ ನೋಡಿದಳು. "ಎಂಬತ್ಮೂರು. ಮೂರು ಪರ್ಸೆಂಟ್ ಕದ್ದಿದೀನಿ. ನೀವೇನು ಪೊಲೀಸಾ?"

"ಹಲ್ಲಿನ ಡಾಕ್ಟರು."

"ಅದಕ್ಕಿಂತ ಪೊಲೀಸೇ ವಾಸಿಯಿತ್ತು."

ಕಾರು ಪಕ್ಕಕ್ಕೆ ಹಾಕಿದಳು, ಹೋಗಲಿಲ್ಲ. ಕಳವಿನ ದಂಡವೆಂದು ಕೆಫೆಯಲ್ಲಿ ನನಗೊಂದು ವೇಫಲ್ ಕೊಡಿಸಿದಳು, ಮೇಲೆ ಕಂದು ಚೀಸ್ ದಪ್ಪಗೆ. ಅವಳ ಮಗಳು ತಂದೆಯ ಜೊತೆ ಟೋನ್ಸ್‌ಬರ್ಗಿನಲ್ಲಿದ್ದಳು. ಎರಡು ವಾರಕ್ಕೊಂದು ಶುಕ್ರವಾರ ಸಿಗ್ರಿಡ್ ಔರ್ಲಾಂಡಿನಿಂದ ಬೆಟ್ಟ ಹತ್ತಿ ಅತ್ತ ಹೋಗುತ್ತಿದ್ದಳು. ನಾನು ಫಾಗರ್ನೆಸ್‌ನಿಂದ ಹತ್ತಿ, ಬೆಟ್ಟದಾಚೆಯ ಹಳ್ಳಿಗಳ ಹಲ್ಲು ನೋಡಲು ಇತ್ತ ಇಳಿಯುತ್ತಿದ್ದೆ. ಇಬ್ಬರದೂ ಹಳೆಯ ಪುಟ್ಟ ಕಾರು. ಚಳಿಗಾಲದ ಏರು ಹತ್ತಿ ಮುಗಿಸುವಷ್ಟರಲ್ಲಿ ಎರಡಕ್ಕೂ ಏದುಸಿರು.

ಮರಗಟ್ಟಿದ ಬ್ಯಾಟರಿ ತುಂಬಲು ಐವತ್ತು ನಿಮಿಷ ಬೇಕು. ಹದಿನೈದು ದಿನಕ್ಕೊಮ್ಮೆ ಐವತ್ತು ನಿಮಿಷ, ಹೀಗೆ ಎರಡು ವರ್ಷ. ಎಲ್ಲ ಕೂಡಿಸಿದರೂ ಎರಡು ದಿನವಾಗುವುದಿಲ್ಲ. ಜನ ಅದಕ್ಕಿಂತ ಹೆಚ್ಚು ಹೊತ್ತು ನೆಗಡಿ ಅನುಭವಿಸುತ್ತಾರೆ.

ಅವಳು ಒಂದೇ ಕೈಗವಸು ಬಿಚ್ಚುತ್ತಿದ್ದಳು. ಅದನ್ನು ಮೇಜಿನ ಮೇಲೆ, ನನ್ನ ಕೈಯ ಪಕ್ಕ ಇಡುತ್ತಿದ್ದಳು. ನಡುವಿನ ಅಂತರ ಎರಡು ಬಾಚಿಹಲ್ಲಿನಷ್ಟು. ಕಾಫಿ ಲೋಟದ ಅಂಚಿನ ಮೇಲಿಂದ ನನ್ನನ್ನು ನೋಡಿ, ನಾನು ನೋಡಿದೊಡನೆ ಹೊರಗಿನ ಚಾರ್ಜರ್ ಕಡೆ ತಿರುಗುತ್ತಿದ್ದಳು, ಪರ್ಸೆಂಟ್ ನೋಡುತ್ತಿದ್ದವಳಂತೆ.

"ಎಷ್ಟಾಯ್ತು?" ಎನ್ನುತ್ತಿದ್ದೆ ನಾನು.

"ಸಾಲದು," ಎನ್ನುತ್ತಿದ್ದಳು ಅವಳು.

ಫೋನ್ ನಂಬರ್ ನಾನು ಕೇಳಲಿಲ್ಲ. ಕೇಳಿದರೆ ಏನನ್ನೋ ಹೇಳಿದ ಹಾಗಾಗುತ್ತದೆ. ಹೇಗೂ ಬ್ಯಾಟರಿ ಅವಳನ್ನು ಕರೆತರುತ್ತಿತ್ತಲ್ಲ.

ಕೆಫೆ ನಡೆಸುವ ಬೊರ್ಗಿಲ್ ಮುದುಕಿಗೆ ಇದು ಸಹನೆಯಾಗುತ್ತಿರಲಿಲ್ಲ. "ಏನ್ ಡಾಕ್ಟ್ರೇ, ಊರವರ ಬಾಯೆಲ್ಲ ತೆಗೆಸ್ತೀರಿ. ನಿಮ್ಮ ಬಾಯಿ ತೆಗೆಸೋಕೆ ಯಾರನ್ನ ಕರೆಸ್ಬೇಕು?"

"ನೋವಿದ್ರೆ ನಾನೇ ತೆಗೀತೀನಿ ಬಿಡಿ."

"ಇಲ್ವಾ ಹಾಗಾದ್ರೆ?"

ವೇಫಲ್ ಚೆನ್ನಾಗಿದೆ ಎಂದೆ.

ಈ ಜನವರಿಯಲ್ಲಿ ಸಿಗ್ರಿಡ್ ಎರಡೂ ಕೈಗವಸು ಬಿಚ್ಚಿಟ್ಟಳು. "ಹೊಸ ಕಾರು ಬರ್ತಿದೆ," ಎಂದಳು.

"ಎಷ್ಟು ಓಡುತ್ತೆ?" ಎಂದೆ. ಇಲ್ಲಿ ಯಾರಾದರೂ ಸತ್ತರೆಂದರೂ ಬಾಯಿಗೆ ಮೊದಲು ಬರುವುದು ಇದೇ ಪ್ರಶ್ನೆಯಿರಬೇಕು.

"ಚಳೀಲೂ ನಾನೂರರ ಮೇಲೆ. ಇಲ್ಲಿ ನಿಲ್ಲಿಸೋ ಅಗತ್ಯಾನೇ ಇಲ್ಲ." ಸ್ವಲ್ಪ ತಡೆದಳು. "ಅದ್ರಲ್ಲಿ ಈ ಬೆಟ್ಟ ಹತ್ತೋದೂ ಒಂದೇ ಸಲ. ಟೋನ್ಸ್‌ಬರ್ಗಲ್ಲೇ ಕೆಲಸ ಸಿಕ್ಕಿದೆ. ಮಗಳು ಶಾಲೆಗೆ ಸೇರ್ತಾಳೆ, ನಾನು ಹತ್ರ ಇರ್ಬೇಕು. ಫೆಬ್ರವರಿ ಮೂರನೇ ಶುಕ್ರವಾರ ಹೋಗಿಬಿಡ್ತೀನಿ."

"ಒಳ್ಳೇದಾಯ್ತು," ಎಂದೆ.

"ಹೌದಾ?"

"ಮಗೂಗೆ ಒಳ್ಳೇದು."

ಅವಳು ಬಹಳ ಹೊತ್ತು ಚಾರ್ಜರ್ ಕಡೆ ನೋಡಿದಳು.

ಅಂದಿನಿಂದ ನಾನು ವಾಕ್ಯವೊಂದನ್ನು ತಯಾರಿಸತೊಡಗಿದೆ. ರೋಗಿಗಳ ಬಾಯಲ್ಲಿ ಕನ್ನಡಿ ಹಿಡಿದುಕೊಂಡೇ ತಿದ್ದಿದೆ. "ಹೋಗಬೇಡಿ" ಎನ್ನುವ ಹಕ್ಕು ನನಗಿಲ್ಲ, ಅಲ್ಲಿ ಮಗುವಿದೆ. "ನಾನೂ ಬರಲೇ" ಎನ್ನಬಹುದು. ಹಲ್ಲು ಟೋನ್ಸ್‌ಬರ್ಗಿನಲ್ಲೂ ಹುಳುಕಾಗುತ್ತವೆ. ಮೂರೇ ಪದ: ಸಿಗ್ರಿಡ್, ನಾನೂ ಬರಲೇ?

ಮೂರನೇ ಶುಕ್ರವಾರ ಚಳಿಗಾಲದ ರಜೆ ಶುರುವಾಗಿತ್ತು. ಊರಿಗೆ ಊರೇ ತಲೆಯ ಮೇಲೆ ಸ್ಕೀ ಹೊತ್ತು ಬೆಟ್ಟದ ಗುಡಿಸಲುಗಳಿಗೆ ಹೊರಟಿತ್ತು. ದಾರಿಯಲ್ಲಿ ಹಿಮ ತೆಗೆಯುವ ಗಾಡಿಯ ಹಿಂದೆ ಸಿಕ್ಕಿಕೊಂಡು ನಾನು ಮುಕ್ಕಾಲು ಗಂಟೆ ತಡವಾಗಿ ತಲುಪಿದೆ. ಕಾರಿನಲ್ಲಿ ಆರು ಪರ್ಸೆಂಟ್. ಒಂದು ಚಾರ್ಜರ್ ಚಳಿಗೆ ಸತ್ತಿತ್ತು. ಇನ್ನೊಂದರಲ್ಲಿ ದೊಡ್ಡ ಬಿಳಿ ಕಾರು, ಅದರೊಳಗೆ ಕೆಂಪು ಟೋಪಿ.

ಬಂದಿದ್ದಾಳೆ! ಎದೆ ನನ್ನ ವಯಸ್ಸಿಗೆ ಒಪ್ಪದ ಹಾಗೆ ಹಾರಿತು.

ನನ್ನ ಮುಂದೆ ಮೂರು ಕಾರು. ಅವುಗಳ ಯಜಮಾನರು ಹೊರಗೆ ಕಾಲು ಕುಟ್ಟುತ್ತ ನಿಂತಿದ್ದರು.

"ತೊಂಬತ್ತಾರಂತೆ, ನೋಡ್ರೀ," ಎಂದ ಒಬ್ಬ ಗಡ್ಡದವನು. "ತೆಗೆಯೋ ಯೋಚನೇನೇ ಇಲ್ಲ."

"ಹೊಸ ಕಾರಿನ ಕೊಬ್ಬು," ಎಂದಳು ಇನ್ನೊಬ್ಬಳು. "ಯಾರಾದ್ರೂ ಹೇಳ್ಬಾರ್ದಾ?"

ಯಾರೂ ಹೇಳುವುದಿಲ್ಲ. ನಮ್ಮವರು ಗೊಣಗುತ್ತಾರೆ, ಹೇಳುವುದಿಲ್ಲ. ಅವರ ಕಣ್ಣೆಲ್ಲ ಬೆನ್ನ ಮೇಲಿರುವಂತೆ ನಾನು ನಡೆದುಹೋದೆ. ಕಿಟಕಿ ನಾನು ತಟ್ಟುವ ಮೊದಲೇ ಇಳಿಯಿತು. ಇವತ್ತು ನಿದ್ದೆಯಿರಲಿಲ್ಲ. ಕಣ್ಣು ನನ್ನ ಮೇಲೇ ಇತ್ತು, ಚಾರ್ಜರ್ ಕಡೆ ಓಡಲಿಲ್ಲ.

ಮೂರು ಪದ ನಾಲಿಗೆಯ ತುದಿಯಲ್ಲಿತ್ತು. ಹಿಂದಿನಿಂದ ಗಡ್ಡದವನು ಕೆಮ್ಮಿದ.

"ಎಂಬತ್ತು ದಾಟ್ತು ರೀ," ಎಂದೆ. "ಕ್ಯೂ ಇದೆ."

ಅವಳು ನಗಲು ಹೊರಟು ನಿಂತಳು. ತಮಾಷೆಯೋ ಎಂದು ನನ್ನ ಮುಖ ಹುಡುಕಿದಳು. ನನ್ನ ಮುಖದಲ್ಲಿ ಏನೂ ಸಿಗುವುದಿಲ್ಲ. ನಲವತ್ತಾರು ವರ್ಷದಿಂದ ನಾನೇ ಹುಡುಕಿದ್ದೇನೆ.

"ಅದನ್ನ ಹೇಳೋಕೆ ಬಂದ್ರಾ?"

"ಮೂರು ಕಾರಿದೆ. ಮಕ್ಕಳಿದಾರೆ ಅದ್ರಲ್ಲಿ."

"ಬೇರೇನೂ ಇಲ್ವಾ ಹಾಲ್ವರ್?"

ಎರಡು ವರ್ಷದಲ್ಲಿ ಮೊದಲ ಸಲ ಅವಳು ನನ್ನ ಹೆಸರು ಹಿಡಿದು ಕರೆದಿದ್ದಳು.

"ಇಳಿಜಾರಲ್ಲಿ ಮಂಜುಗಡ್ಡೆ ಇದೆ. ಹುಷಾರು."

ಅವಳು ಎರಡೂ ಕೈಗವಸು ತೊಟ್ಟಳು, ಒಂದೊಂದೇ ಬೆರಳು. ಇಳಿದು, ಪ್ಲಗ್ ತೆಗೆದು, ಕೇಬಲ್ ನೀಟಾಗಿ ಸುತ್ತಿಟ್ಟಳು. "ಮರ್ಯಾದಸ್ಥರು ನೀವು," ಎಂದಳು. ಬಿಳಿ ಕಾರು ಸದ್ದಿಲ್ಲದೆ ಹೊರಟಿತು. ಈ ಕಾರುಗಳ ದೊಡ್ಡ ದೋಷ ಅದೇ, ಹೋದದ್ದು ಕೇಳಿಸುವುದಿಲ್ಲ.

ಗಡ್ಡದವನು ಚಾರ್ಜರ್ ಪರದೆಯ ಮುಂದೆ ನಿಂತು ಕೂಗಿದ.

"ಬನ್ರೀ ಇಲ್ಲಿ, ನೋಡಿ! ಎಂಬತ್ನಾಲ್ಕು ಇದ್ದಾಗ ಪ್ಲಗ್ ಹಾಕಿದಾಳೆ! ಹಾಕೋದೇ ಬೇಕಿರ್ಲಿಲ್ಲ! ಐವತ್ತೆರಡು ನಿಮಿಷ ಸುಮ್ನೆ ಜಾಗ ಹಿಡ್ಕೊಂಡು ಕೂತಿದ್ಲು. ಎಂಥಾ ಜನ!"

ನಾನು ಹೋಗಿ ನೋಡಿದೆ. ಆರಂಭ ಎಂಬತ್ನಾಲ್ಕು. ಸಮಯ ಐವತ್ತೆರಡು ನಿಮಿಷ. ಎಲ್ಲರ ಬೈಗುಳದ ನಡುವೆ.

ಬೊರ್ಗಿಲ್ ಬಾಗಿಲಿಗೆ ಬಂದಿದ್ದಳು. "ಅವಳ ಹಿಂದೆ ಹೋಗೋ ಮಾರಾಯ! ಏನ್ ನೋಡ್ತಾ ನಿಂತಿದೀಯ?"

"ಆರು ಪರ್ಸೆಂಟಿದೆ."

"ಯಾರ ಕಾರಾದ್ರೂ ಕೇಳು!"

ಕೇಳಬಹುದಿತ್ತು. ಕೇಳುವುದೊಂದು ವಿದ್ಯೆ, ನನಗೆ ಬರುವುದಿಲ್ಲ. ಬೊರ್ಗಿಲ್ ಒಳಗೆ ಹೋದಳು.

ಸರದಿ ಬಂದಾಗ ಕತ್ತಲಾಗಿತ್ತು. ಕೆಫೆಯ ದೀಪ ಆರಿತ್ತು. ರಜೆಯವರೆಲ್ಲ ತಮ್ಮ ತಮ್ಮ ಗುಡಿಸಲು ಸೇರಿ ಒಲೆ ಹಚ್ಚಿರಬೇಕು. ಕಾರಿನೊಳಗೆ ಕೂತು ಅಂಕಿ ಏರುವುದನ್ನು ನೋಡಿದೆ. ಎಂಬತ್ತಾಯಿತು.

ಕೆಳಗಿಳಿದು, ತಕ್ಷಣ ಪ್ಲಗ್ ತೆಗೆದೆ. ಹಿಂದೆ ತಿರುಗಿ ನೋಡಿದೆ. ಕ್ಯೂನಲ್ಲಿ ಯಾರೂ ಇರಲಿಲ್ಲ.