ಮೂವತ್ತೇಳು ಬೆಳ್ಳಿಮಳೆ

2025ರ ಫೆಬ್ರವರಿ 9, ಭಾನುವಾರ, ಮಧ್ಯಾಹ್ನ 3 ಗಂಟೆ 10 ನಿಮಿಷ. ಅವಳ ಅಣ್ಣನ ಮನೆಯ ಊಟದ ಮೇಜಿನ ಸುತ್ತ ನಾಲ್ಕು ಜನ ಕೂತಿದ್ದರು. ಅವಳು ಬಂದು ಒಂದು ಗಂಟೆಯಾಗಿತ್ತು, ಬಾಯಿಂದ ಒಂದು ಮಾತೂ ಹೊರಟಿರಲಿಲ್ಲ.

ಆಟ ಹೀಗೆ: ಒಬ್ಬರು ಕಥೆ ನಡೆಸುತ್ತಾರೆ, ಉಳಿದವರು ಒಂದೊಂದು ಪಾತ್ರವಾಗಿ ಆ ಕಥೆಯೊಳಗೆ ಬದುಕುತ್ತಾರೆ. ಆಗುತ್ತದೋ ಇಲ್ಲವೋ ಎಂಬ ಅನುಮಾನ ಬಂದಲ್ಲೆಲ್ಲ ದಾಳ ತೀರ್ಪು ಹೇಳುತ್ತದೆ. ಲಿಫ್ಟ್ ರಿಪೇರಿ ಮಾಡುವ ಅಣ್ಣ ಆಟದಲ್ಲಿ ರಾಜಭಟ. ಅಂಚೆ ಕಚೇರಿಯ ಕೌಂಟರಿನಲ್ಲಿ ಕೂರುವ ಅತ್ತಿಗೆ ಕಳ್ಳಿ. ಕಥೆ ನಡೆಸುವವನು ಅಣ್ಣನ ಗೆಳೆಯ. ದಂತವೈದ್ಯರಿಗೆ ಕೃತಕ ಹಲ್ಲು ಮಾಡಿಕೊಡುವ ಲ್ಯಾಬಿನಲ್ಲಿ ಅವನ ಕೆಲಸ. ಎಲ್ಲರೂ ಅವನನ್ನು ಹಲ್ಲು ಮೇಷ್ಟ್ರು ಎನ್ನುತ್ತಿದ್ದರು. ಮೇಜಿನ ಮೇಲಿದ್ದ ದಾಳಗಳನ್ನೂ ಅವನೇ ಹಲ್ಲಿನ ರಾಳದಲ್ಲಿ ಎರಕ ಹೊಯ್ದಿದ್ದ. ಕೆಲವು ಒಸಡಿನ ಬಣ್ಣಕ್ಕಿದ್ದವು.

ಅವಳು ಹವಾಮಾನ ಕೇಂದ್ರದ ವೀಕ್ಷಕಿ. ಚಹಾಕ್ಕೆ ಸಕ್ಕರೆ ಹಾಕುವಾಗಲೂ ಚಮಚದ ಅಂಚಿಗೆ ಸಮ ಮಾಡಿ ಹಾಕುತ್ತಾಳೆಂದು ಅತ್ತಿಗೆ ಇಟ್ಟ ಹೆಸರು ಮಿಲಿಮೀಟರ್.

ಆಟದ ಪುಸ್ತಕದ ಪ್ರಕಾರ ಕಥೆಯಲ್ಲಿ ಪ್ರತಿದಿನ ಬೆಳಗಾದಾಗ ದಾಳ ಹಾಕಿ ಹವೆ ಹೇಗಿದೆ ಎಂದು ಹೇಳಬೇಕು. ಹಲ್ಲು ಮೇಷ್ಟ್ರು ರಟ್ಟಿನ ಮರೆಯ ಹಿಂದೆ ದಾಳ ಹಾಕಿ ಹೇಳಿದ: "ರಾತ್ರಿಯೆಲ್ಲ ಹಿಮ ಸುರೀತು. ಬೆಳಿಗ್ಗೆ ಎದ್ದು ನೋಡಿದ್ರೆ ಬಂಡೆ ಕಾದು ಕೆಂಪಾಗೋ ಬಿಸಿಲು."

"ಹಾಗಾಗಲ್ಲ."

ಮೂವರೂ ತಿರುಗಿ ನೋಡಿದರು. ಅಣ್ಣನ ಬಿಸ್ಕತ್ತು ಮುರಿದು ಚಹಾದೊಳಗೆ ಮುಳುಗಿತು.

"ಏನು ಆಗಲ್ಲ?" ಎಂದು ಹಲ್ಲು ಮೇಷ್ಟ್ರು ಕೇಳಿದ.

"ಹಿಮ ಬಿದ್ದ ಮಾರನೇ ದಿನ ಅಂಥ ಬಿಸಿಲು ಬರಲ್ಲ. ಹವಾಮಾನಕ್ಕೆ ನೆನಪಿರುತ್ತೆ."

"ಇದು ಮಾಂತ್ರಿಕ ನಾಡು ಕಣ್ರೀ."

"ಮಾಂತ್ರಿಕ ನಾಡಲ್ಲೂ ನಿನ್ನೆ ಅನ್ನೋದು ಇರುತ್ತಲ್ಲ."

ಅವನು ಅವಳನ್ನೇ ನೋಡಿದ. ಹಲ್ಲಿನ ಅಚ್ಚನ್ನು ಬೆಳಕಿಗೆ ಹಿಡಿದು ಎಲ್ಲಿ ಸಂದು ಉಳಿದಿದೆ ಎಂದು ಹುಡುಕುವ ನೋಟ ಅದು. ತಪ್ಪು ಹುಡುಕುವುದಕ್ಕಲ್ಲ, ಸರಿಯಾಗಿ ಕೂರಿಸುವುದಕ್ಕೆ. ಅವಳು ತಲೆ ತಗ್ಗಿಸಿ ಚಮಚ ಒರೆಸತೊಡಗಿದಳು.

"ಹಾಗಾದ್ರೆ ನೀವೇ ಬರೀರಿ," ಎಂದ. "ಈ ಮನೆ ಆಟಕ್ಕೆ ಈ ಮನೆ ನಿಯಮ."

"ನೋಡೋ," ಎಂದ ಅಣ್ಣ, "ನಮ್ಮ ಪುಟ್ಟಿ ಆರು ತಿಂಗಳಿಗಾಗೋಷ್ಟು ಮಾತು ಒಂದೇ ಸಲ ಖರ್ಚು ಮಾಡಿಬಿಟ್ಳು."

"ಮಾತು ಬೆಳ್ಳಿ, ಮೌನ ಬಂಗಾರ ಅಂತಾರೆ," ಎಂದಳು ಅತ್ತಿಗೆ. "ಇವಳ ಹತ್ರ ಬಂಗಾರ ಕೊಳೀತಾ ಬಿದ್ದಿದೆ. ಸ್ವಲ್ಪ ಬೆಳ್ಳಿ ಹುಟ್ಟಿಸಿ ನೋಡೋಣ ಮೇಷ್ಟ್ರೇ."

ಮುಂದಿನ ಎರಡು ಬುಧವಾರ ಊಟದ ಬಿಡುವಿನಲ್ಲಿ ಅವಳು ಹವೆಯ ನಿಯಮ ಬರೆಯಲು ಅವನ ಲ್ಯಾಬಿಗೆ ಹೋದಳು. ಕಪಾಟಿನ ತುಂಬ ಪ್ಲಾಸ್ಟರಿನ ದವಡೆಗಳು, ಒಂದೊಂದರ ಮೇಲೂ ಪೆನ್ಸಿಲ್‌ನಲ್ಲಿ ಬರೆದ ನಂಬರು. ಅಷ್ಟೊಂದು ಬಾಯಿಗಳ ನಡುವೆ ತಾನು ಮಾತಿಲ್ಲದೆ ಕೂತಿರುವುದು ಅವಳಿಗೇ ನಗು ತರಿಸಿತು.

"ನಿನ್ನೆಗಾಳಿ ಅಂತ ಒಂದಿದೆ," ಎಂದು ಅವನು ಶುರು ಮಾಡಿದ. "ಅದು ಬೀಸಿದ್ರೆ ನಿನ್ನೆ ಆಡಿದ ಮಾತು ಮತ್ತೆ ಕೇಳುತ್ತೆ."

"ಎಷ್ಟು ವೇಗ?"

"ಏನು?"

"ಗಾಳಿ. ಗಂಟೆಗೆ ಎಷ್ಟು ಕಿಲೋಮೀಟರ್ ಇದ್ರೆ ನಿನ್ನೆಯ ಮಾತು ಕೇಳುತ್ತೆ?"

ಅವನು ನಗಲಿಲ್ಲ. "ನಿಮ್ಮ ಪ್ರಕಾರ?"

ಅವಳು ಯೋಚಿಸಿದಳು. "ಹನ್ನೆರಡು. ಅದಕ್ಕಿಂತ ಜೋರಾದ್ರೆ ಮೊನ್ನೇದು ಬರುತ್ತೆ."

ಆಗ ನಕ್ಕ. ಎಡ ಹುಬ್ಬಿನ ಮೇಲೆ ಪ್ಲಾಸ್ಟರಿನ ಹಿಟ್ಟು ಕೂತಿತ್ತು. ನಕ್ಕಾಗ ಹುಬ್ಬು ಏರಿತು, ಹಿಟ್ಟು ಮಾತ್ರ ಬೀಳಲಿಲ್ಲ. ಅವಳು ಹೇಳಬೇಕೆಂದುಕೊಂಡಳು, ಹೇಳಲಿಲ್ಲ.

ಹೀಗೆ ನಿಯಮಗಳು ಹುಟ್ಟಿದವು. ಮಂಜಿಗೆ, ಬಿಸಿಲಿಗೆ, ನಿನ್ನೆಗಾಳಿಗೆ ನೆನಪಿರಬೇಕು: ಇವತ್ತಿನ ಹವೆ ನಾಳೆಯೂ ಇರುವ ಸಾಧ್ಯತೆಯೇ ಹೆಚ್ಚು. ಬೆಳ್ಳಿಮಳೆಯೊಂದಕ್ಕೆ ಮಾತ್ರ ಅವನು ಒಪ್ಪಲಿಲ್ಲ. ಅತ್ತಿಗೆಯ ಮಾತಿನಿಂದ ಅವನು ಹೊಸೆದ ಮಳೆ ಅದು; ಸುರಿಯುವಷ್ಟು ಹೊತ್ತು ಎಂಥ ಮೂಗರಿಗೂ ಮಾತು ಬರುತ್ತದೆ.

"ಇದಕ್ಕೆ ನೆನಪು ಬೇಡ," ಎಂದ. "ಇಪ್ಪತ್ತು ಮುಖದ ದಾಳದಲ್ಲಿ ಹದಿನೆಂಟು, ಹತ್ತೊಂಬತ್ತು, ಇಪ್ಪತ್ತು. ಬಿದ್ರೆ ಬಂತು, ಇಲ್ದಿದ್ರೆ ಇಲ್ಲ."

"ಯಾಕೆ?"

"ಬರುತ್ತೆ ಅಂತ ಮೊದಲೇ ಗೊತ್ತಿದ್ರೆ ಕಾಯೋದ್ರಲ್ಲಿ ಏನು ರುಚಿ ಇದೆ?"

ಅವಳು ಆ ನಿಯಮವನ್ನು ಬರೆದುಕೊಂಡಳು. ಎರಡನೇ ಬುಧವಾರ ಹೊರಡುವಾಗ ಬಾಗಿಲ ಬಳಿ ನಿಂತು, "ಹುಬ್ಬಿನ ಮೇಲೆ ಹಿಟ್ಟಿದೆ," ಎಂದಳು.

"ಎಷ್ಟು ಮಿಲಿಮೀಟರ್?"

"ಎರಡು," ಎಂದು ಹೇಳಿ, ಕಿವಿ ಬಿಸಿಯಾಗುವ ಮುಂಚೆ ಮೆಟ್ಟಿಲಿಳಿದಳು.

ತನ್ನ ಪಾತ್ರಕ್ಕೆ ಅವಳು ಆರಿಸಿಕೊಂಡದ್ದು ಮೂಗಿ ದೋಣಿಗಾತಿಯನ್ನು. ಬೆಳ್ಳಿಮಳೆ ಬಂದಾಗ ಮಾತ್ರ ಅವಳಿಗೆ ಧ್ವನಿ. ಮೇಜಿನ ಮುಂದೆ ಸುಮ್ಮನೆ ಕೂರಲು ಇದಕ್ಕಿಂತ ಒಳ್ಳೆಯ ನೆಪ ಬೇಕೆ? ಆದರೆ ಮಳೆ ಬಂತು. ಸುಂಕದವನ ಜೊತೆ ದೋಣಿಗಾತಿ ಜಗಳಕ್ಕೆ ನಿಂತಳು, ಅತ್ತಿಗೆ ಹೊಟ್ಟೆ ಹಿಡಿದುಕೊಂಡು ನಕ್ಕಳು. ಇನ್ನೊಂದು ಮಳೆಯಲ್ಲಿ ನದಿಗೆ ಬುದ್ಧಿ ಹೇಳಿದಳು. ಚಿಕ್ಕಂದಿನಿಂದ ಗಂಟಲಲ್ಲಿ ಸಿಕ್ಕಿಕೊಂಡಿದ್ದ ಯಾವುದೋ ಗಂಟು ಭಾನುವಾರಗಳಲ್ಲಿ ಒಂದೊಂದೇ ಎಳೆಯಾಗಿ ಸಡಿಲವಾಗುತ್ತಿತ್ತು. ಸೋಮವಾರ ಕೇಂದ್ರದಲ್ಲಿ ಕಾವಲುಗಾರನಿಗೂ ತಾನಾಗಿ "ಊಟ ಆಯ್ತಾ" ಎಂದು ಕೇಳತೊಡಗಿದಳು.

ಆಟದ ನಾಡಿನ ಹವೆಯನ್ನೂ ಅವಳು ತಪ್ಪದೆ ಒಂದು ಪುಸ್ತಕದಲ್ಲಿ ದಾಖಲಿಸುತ್ತಿದ್ದಳು. ಅಭ್ಯಾಸಬಲ. ಹನ್ನೆರಡು ಭಾನುವಾರ, ವಾರಕ್ಕೆ ಏಳರಂತೆ ಕಥೆಯ ಎಂಬತ್ತನಾಲ್ಕು ದಿನ. ಮೇ 11ರ ಸಂಜೆ ಕೂಡಿ ನೋಡಿದಳು. ಲೆಕ್ಕದಂತೆ ಹನ್ನೆರಡೋ ಹದಿಮೂರೋ ಬೆಳ್ಳಿಮಳೆ ಬರಬೇಕು. ಬಂದದ್ದು ಮೂವತ್ತೇಳು.

ಮೊದಲು ಅನುಮಾನ ದಾಳದ ಮೇಲೆ. ಎರಕದೊಳಗೆ ಗಾಳಿಗುಳ್ಳೆ ಉಳಿದಿದ್ದರೆ ಒಂದೇ ಮುಖ ಮತ್ತೆ ಮತ್ತೆ ಮೇಲೆ ಬರುತ್ತದೆ. ಆಟದ ಪೆಟ್ಟಿಗೆ ಅಣ್ಣನ ಮನೆಯಲ್ಲೇ ಇರುತ್ತಿತ್ತು. ಅತ್ತಿಗೆಯನ್ನು ಕೇಳಿ ದಾಳವನ್ನು ಮನೆಗೆ ತಂದಳು. ಗಾಜಿನ ಲೋಟದ ನೀರಿಗೆ ದಾಳ ತೇಲುವವರೆಗೆ ಉಪ್ಪು ಕರಗಿಸಿ, ಬೆರಳಿನಿಂದ ತಿರುಗಿಸಿ ಬಿಟ್ಟಳು. ಪ್ರತಿಸಲವೂ ಬೇರೆ ಮುಖ. ಎರಡು ಸಂಜೆ ಕೂತು ಸಾವಿರ ಸಲ ಉರುಳಿಸಿದಳು. ಹದಿನೆಂಟು ಅಥವಾ ಅದಕ್ಕೂ ಮೇಲೆ ಬಿದ್ದದ್ದು ನೂರ ಐವತ್ತೆರಡು ಸಲ. ಬೀಳಬೇಕಾದದ್ದು ನೂರ ಐವತ್ತು. ದಾಳ ಅಪ್ಪಟ ಪ್ರಾಮಾಣಿಕ.

ಹಾಗಾದರೆ ತಪ್ಪಿರುವುದು ಅದನ್ನು ಓದಿದವನಲ್ಲಿ.

ಪುಸ್ತಕವನ್ನು ಮತ್ತೆ ತಿರುವಿದಳು. ಒಂದು ಭಾನುವಾರ ಅವಳು ಜ್ವರ ಬಂದು ಆಟಕ್ಕೆ ಹೋಗಿರಲಿಲ್ಲ; ಆ ವಾರವನ್ನು ಅತ್ತಿಗೆ ಸೊಟ್ಟ ಅಕ್ಷರದಲ್ಲಿ ತುಂಬಿಸಿದ್ದಳು. ಆ ಏಳು ದಿನಗಳಲ್ಲಿ ಒಂದು ಹನಿ ಬೆಳ್ಳಿಮಳೆಯೂ ಇಲ್ಲ.

ಹಿಂದೆ ಕೇಂದ್ರದಲ್ಲಿ ಒಬ್ಬ ಸಹೋದ್ಯೋಗಿ ಅಂಗಳಕ್ಕೇ ಇಳಿಯದೆ, ಮನೆಯಲ್ಲಿ ಕೂತು ಅಳತೆಗಳನ್ನು ಬರೆಯುತ್ತಿದ್ದ. ಸಿಕ್ಕಿಬಿದ್ದಾಗ ಎರಡು ತಿಂಗಳ ದಾಖಲೆಯ ಮೇಲೆ ಕೆಂಪು ಗೆರೆ ಎಳೆದವಳು ಇವಳೇ. ಆ ಎರಡು ತಿಂಗಳಲ್ಲಿ ಮಳೆ ಬಂದಿತ್ತೋ ಇಲ್ಲವೋ, ಲೋಕದಲ್ಲಿ ಇನ್ನು ಯಾರಿಗೂ ತಿಳಿಯುವಂತಿಲ್ಲ. ಸುಳ್ಳು ಅಳತೆಗಿಂತ ದೊಡ್ಡ ಪಾಪ ಅವಳಿಗೆ ಗೊತ್ತಿರಲಿಲ್ಲ.

ಮೇ 18ರ ಭಾನುವಾರ ಅವಳು ಕೂರಲಿಲ್ಲ. ಪುಸ್ತಕವನ್ನು ರಟ್ಟಿನ ಮರೆಯ ಮುಂದಿಟ್ಟಳು.

"ಮೂವತ್ತೇಳು," ಎಂದಳು.

ಅವನು ಪುಸ್ತಕ ತೆರೆಯಲಿಲ್ಲ. "ಹೌದು."

"ಅದರಲ್ಲಿ ಸುಳ್ಳೆಷ್ಟು?"

"ಇಪ್ಪತ್ತೈದು."

"ಯಾಕೆ?"

ಅವನು ಅಣ್ಣನ ಕಡೆ ನೋಡಿದ, ಅತ್ತಿಗೆಯ ಕಡೆ ನೋಡಿದ. "ಮಳೆ ಬಂದ್ರೆ ನೀವು ಮಾತಾಡ್ತೀರಿ."

ಅವಳಿಗೆ ಮೇಜು, ಗೋಡೆ, ಕಿಟಕಿ ಎಲ್ಲವೂ ದೂರ ಸರಿದಂತಾಯಿತು. ತಾನೇ ಗಳಿಸಿದ್ದೆಂದುಕೊಂಡಿದ್ದ ಮಾತು ಯಾರೋ ಅಯ್ಯೋ ಪಾಪ ಎಂದು ಕೈಗಿಟ್ಟದ್ದು.

"ದಯೆ ತೋರಿಸಿದ್ರಿ," ಎಂದಳು. "ಸಾಕು." ಚಪ್ಪಲಿ ಮೆಟ್ಟಿಕೊಂಡು ಹೊರಟಳು.

ಆ ವಾರವಿಡೀ ಮತ್ತೆ ಬಂಗಾರ. ಕಾವಲುಗಾರ ಊಟ ಮಾಡಿದನೋ ಇಲ್ಲವೋ ಅವಳು ಕೇಳಲಿಲ್ಲ. ಬುಧವಾರದ ಬಿಡುವಿನಲ್ಲಿ ಕಾಲುಗಳು ತಾವಾಗಿಯೇ ಲ್ಯಾಬಿನ ತಿರುವಿನವರೆಗೆ ಹೋಗಿ, ನಾಚಿಕೊಂಡು ಹಿಂದಿರುಗಿದವು. ಶುಕ್ರವಾರ ಸಂಜೆ ಅತ್ತಿಗೆ ಅಂಚೆ ಕಚೇರಿಯಿಂದ ನೇರವಾಗಿ ಬಂದು, ಬ್ಯಾಗು ಕೆಳಗಿಡುವ ಮೊದಲೇ ಶುರು ಮಾಡಿದಳು.

"ಏ ಮಿಲಿಮೀಟರ್, ನಿನಗೆ ನೋವಾಗಿದ್ದು ಸುಳ್ಳು ಹೇಳಿದ್ದಕ್ಕೋ, ನಿಜ ಗೊತ್ತಾಗಿದ್ದಕ್ಕೋ? ಅದನ್ನಾದ್ರೂ ಅಳೆದು ಹೇಳು."

"ಎರಡೂ ಒಂದೇ ಅತ್ತಿಗೆ."

"ಒಂದೇ ಅಲ್ಲ. ಎಷ್ಟು ಸುಳ್ಳು ಅಂದ ತಕ್ಷಣ ಇಪ್ಪತ್ತೈದು ಅಂದ. ಸುಳ್ಳು ಹೇಳೋ ಗಂಡಸರನ್ನ ನಾನು ಬೇಕಾದಷ್ಟು ನೋಡಿದ್ದೀನಿ, ನಿಮ್ಮಣ್ಣನೂ ಸೇರಿ. ಲೆಕ್ಕ ಇಟ್ಟೋನನ್ನ ನೋಡಿಲ್ಲ."

ಆ ಮಾತು ಅವಳ ತಲೆಯೊಳಗೆ ಎರಡು ದಿನ ಉರುಳುತ್ತಲೇ ಇತ್ತು. ಹೌದಲ್ಲ. ಲೆಕ್ಕ ಎಲ್ಲಿಂದ ಬಂತು?

ಮೇ 25, ಭಾನುವಾರ, ಬೆಳಿಗ್ಗೆ ಎಂಟು ಗಂಟೆ. ಎಂಟೂವರೆಯ ಅಳತೆಗೆ ಅವಳು ಕೇಂದ್ರದ ಅಂಗಳದಲ್ಲಿ ಸಿದ್ಧಳಾಗುತ್ತಿದ್ದಳು. ತಂತಿಬೇಲಿಯ ಗೇಟಿನಾಚೆ ಅವನು ನಿಂತಿದ್ದ, ಕೈಯಲ್ಲೊಂದು ಹಳೆಯ ನೋಟ್‌ಬುಕ್ಕು.

"ಒಳಗೆ ಬರಬಹುದಾ? ಹುಲ್ಲು ತುಳೀಬಾರದು ಅಂತ ಬೋರ್ಡಿದೆ."

"ಕಲ್ಲಿನ ಮೇಲೆ ಬನ್ನಿ."

ಕಲ್ಲಿನಿಂದ ಕಲ್ಲಿಗೆ ಎಚ್ಚರದಿಂದ ಕಾಲಿಡುತ್ತ ಬಂದ. ನೋಟ್‌ಬುಕ್ಕನ್ನು ಅವಳ ಕೈಗಿಟ್ಟು ಎರಡು ಹೆಜ್ಜೆ ಹಿಂದೆ ನಿಂತ.

ಪ್ರತಿ ಪುಟದಲ್ಲೂ ಎರಡು ಕಾಲಂ: ಬಿದ್ದದ್ದು, ಹೇಳಿದ್ದು. ಎಂಬತ್ತನಾಲ್ಕು ಸಾಲು, ತಾರೀಖಿನ ಸಮೇತ. ಐವತ್ತೊಂಬತ್ತರಲ್ಲಿ ಎರಡೂ ಒಂದೇ. ಇಪ್ಪತ್ತೈದರಲ್ಲಿ ಬೇರೆ ಬೇರೆ, ಆ ಸಾಲುಗಳ ಪಕ್ಕದಲ್ಲಿ ಮಾತ್ರ ಸಣ್ಣ ಅಕ್ಷರದಲ್ಲಿ ಏನೋ ಬರೆದಿತ್ತು.

ಬಿದ್ದದ್ದು 4. ಹೇಳಿದ್ದು ಬೆಳ್ಳಿಮಳೆ. ಅವರು: "ದಡ ಎಲ್ಲಿದೆ ಅಂತ ದೋಣಿಗೆ ಗೊತ್ತಿಲ್ಲ, ಹಗ್ಗಕ್ಕೆ ಗೊತ್ತು."

ಬಿದ್ದದ್ದು 11. ಹೇಳಿದ್ದು ಬೆಳ್ಳಿಮಳೆ. ಅವರು ಸುಂಕದವನಿಗೆ: "ನಿನ್ನ ಮೀಸೆಗೂ ಸುಂಕ ಕಟ್ಟಿದ್ದೀಯಾ?" ನಾನು ಎದ್ದು ಹೋಗಿ ನೀರು ಕುಡಿದು ಬಂದೆ. ನಗು ತಡೆಯಲಾಗಲಿಲ್ಲ.

ಬಿದ್ದದ್ದು 9. ಹೇಳಿದ್ದು ಬೆಳ್ಳಿಮಳೆ. ಅವರು ಏನೂ ಮಾತಾಡಲಿಲ್ಲ. ಕಿಟಕಿ ಕಡೆ ನೋಡಿ ನಕ್ಕರು. ಸಾಕು.

ಅವಳು ನಿಧಾನವಾಗಿ ಕೊನೆಯವರೆಗೂ ಓದಿದಳು. ಯಾವ ಅಳತೆಯೂ ಕಳೆದುಹೋಗಿರಲಿಲ್ಲ.

"ದಯೆ ಅಂದ್ರಿ," ಎಂದ ಅವನು. "ದಯೆ ಅಲ್ಲ, ಶುದ್ಧ ಸ್ವಾರ್ಥ. ನಂಗೆ ಕೇಳಬೇಕಿತ್ತು. ತಪ್ಪು ಅಂತ ಗೊತ್ತಿತ್ತು, ಅದಕ್ಕೇ ನಿಜಾನೂ ಬರೆದಿಟ್ಟೆ."

"ನಾನು ಮಾತಾಡದೇ ಇದ್ರೆ ಏನು ಮಾಡ್ತಿದ್ರಿ?"

"ನೋಟ್‌ಬುಕ್ಕು ಇಷ್ಟು ಬೇಗ ತುಂಬ್ತಿರಲಿಲ್ಲ."

ಅವಳು ಜೇಬಿನಿಂದ ದಾಳ ತೆಗೆದಳು. ಎರಡು ವಾರದಿಂದ ಅದು ಅಲ್ಲೇ ಇತ್ತು. ಉಪ್ಪು ಇನ್ನೂ ಅಂಚಿಗೆ ಅಂಟಿತ್ತು. "ಹಾಕಿ. ಮರೆ ಬೇಡ."

ಅವನು ಮಳೆಮಾಪಕದ ಪಕ್ಕದ ಸಿಮೆಂಟು ಕಟ್ಟೆಯ ಮೇಲೆ ದಾಳ ಉರುಳಿಸಿದ. ಅದು ಅಂಚಿನವರೆಗೆ ಹೋಗಿ ನಿಂತಿತು.

"ಏನು ಬಿತ್ತು?"

ಅವನು ಬಗ್ಗಿ ನೋಡಿದ. ಹದಿನೆಂಟು ಎನ್ನುವುದು ಎಷ್ಟು ಸುಲಭವೆಂದು ಇಬ್ಬರಿಗೂ ಗೊತ್ತಿತ್ತು.

"ಆರು," ಎಂದ. "ಒಣ ಹವೆ. ಬೆಳ್ಳಿಮಳೆ ಇಲ್ಲ." ಧ್ವನಿ ಇಳಿದಿತ್ತು. "ದೋಣಿಗಾತಿಗೆ ಮಾತಿಲ್ಲ."

"ದೋಣಿಗಾತಿಗೆ ಇಲ್ಲ. ನಂಗಿದೆ."

ಮಾತು ಬಂತು, ಬೇರೆ ಯಾರ ಮಳೆಯೂ ಇಲ್ಲದೆ.

"ಹುಬ್ಬಿನ ಹಿಟ್ಟು ನಾನು ಮೊದಲನೇ ಬುಧವಾರವೇ ನೋಡಿದ್ದೆ. ಹೇಳಿದ್ರೆ ಒರೆಸಿಕೊಂಡುಬಿಡ್ತೀರಿ ಅಂತ ಹೇಳಲಿಲ್ಲ. ಒಂದು ವಾರ ಅದನ್ನೇ ನೆನೆಸಿಕೊಂಡೆ. ಅಳತೇಲಿ ಸುಳ್ಳು ಹೇಳಿದ್ರಿ, ಅದಕ್ಕೆ ಇನ್ನೂ ಕೋಪ ಇದೆ, ಬೇಗ ಹೋಗಲ್ಲ. ಆದ್ರೆ ನೀವಂದ್ರೆ ನಂಗಿಷ್ಟ. ಇದು ಅಂದಾಜಲ್ಲ."

ಬೆಟ್ಟ, ನದಿ, ರಾಜ್ಯಗಳನ್ನು ಬಾಯಲ್ಲೇ ಕಟ್ಟುವ ಮನುಷ್ಯನಿಗೆ ಒಂದು ವಾಕ್ಯ ಸಿಗಲಿಲ್ಲ.

"ಈಗ ನೀವು ಮೂಗರಾದ್ರಾ?" ಎಂದಳು.

"ನಂಗೂ," ಎಂದ ಕೊನೆಗೆ. "ಎರಡು ಕಾಲಂನಲ್ಲೂ ಒಂದೇ. ಬಿದ್ದದ್ದೂ ಅದೇ, ಹೇಳ್ತಿರೋದೂ ಅದೇ."

ಅವಳು ನಕ್ಕಳು, ಕಣ್ಣಿನಂಚು ಒದ್ದೆಯಾದದ್ದನ್ನು ಅವನು ನೋಡಿದ, ಬರೆದುಕೊಳ್ಳಲಿಲ್ಲ. ನಂತರ ಗಡಿಯಾರ ನೋಡಿ ಅವಳು ದಾಖಲೆಯ ಪುಸ್ತಕವನ್ನು ಅವನ ಕೈಗಿಟ್ಟಳು. "ಹಿಡ್ಕೊಳ್ಳಿ. ನಾನು ಹೇಳಿದ ಹಾಗೇ ನೋಡಬೇಕು, ನೀವಾಗಿ ಏನೂ ಸೇರಿಸಬಾರದು."

"ನಿಯಮ ಗೊತ್ತು."

ಮಳೆಮಾಪಕದ ಮುಚ್ಚಳ ತೆಗೆದು ಒಳಗಿನ ಪಾತ್ರೆಯನ್ನು ಎತ್ತಿ ಇಬ್ಬರೂ ಬಗ್ಗಿ ನೋಡಿದರು. ತಳದಲ್ಲಿ ಒಂದು ಇರುವೆ ಒಬ್ಬಂಟಿಯಾಗಿ ಸುತ್ತುತ್ತಿತ್ತು. ಅದನ್ನು ಹುಲ್ಲಿನ ಮೇಲೆ ಬಿಟ್ಟು, ಅಳತೆಯ ಗಾಜನ್ನು ಬೆಳಕಿಗೆ ಹಿಡಿದು, ಪೆನ್ನು ತೆಗೆದುಕೊಂಡು ಅವಳು ಬರೆದಳು:

ಮೇ 25, ಬೆಳಿಗ್ಗೆ 8.30. ಹಿಂದಿನ ಇಪ್ಪತ್ತನಾಲ್ಕು ಗಂಟೆಗಳ ಮಳೆ: 0.0 ಮಿಲಿಮೀಟರ್.